ಗುಮ್ಮನಿಗೆ ಹೆದರದ ತಲೆಮಾರುಗಳು

ಒಂದು ಅಡಿಗೆಮನೆ. ಒಲೆಯ ಮೇಲೆ ಚೆನ್ನಾಗಿ ಕಾದ ಕಾವಲಿ. ಪಕ್ಕದಲ್ಲಿ ನಿಂತ ವ್ಯಕ್ತಿ ಮೊಟ್ಟೆಯೊಂದನ್ನು ಎತ್ತಿ ತೋರಿಸಿ ‘ಇದು ನಿಮ್ಮ ಮಿದುಳು’ ಎನ್ನುತ್ತಾನೆ. ಕಾವಲಿಯನ್ನು ತೋರಿಸಿ ‘ಇದು ಮಾದಕ ವಸ್ತು’ ಎನ್ನುತ್ತಾನೆ. ಮೊಟ್ಟೆ ಒಡೆದು ಕಾವಲಿಗೆ ಬಿಡುತ್ತಾನೆ. ಅದು ಚುರ್ರೆಂದು ಸುಡುತ್ತಿರುವಾಗ, ‘ಮಾದಕ ವಸ್ತು ಸೇವಿಸಿದ ನಿಮ್ಮ ಮಿದುಳು ಹೀಗಿರುತ್ತದೆ. ಏನಾದರೂ ಪ್ರಶ್ನೆಗಳಿವೆಯೇ?’ ಎಂದು ಕೇಳುತ್ತಾನೆ. ಅಲ್ಲಿಗೆ ಜಾಹೀರಾತು ಮುಗಿಯುತ್ತದೆ.

ಅರ್ಧ ನಿಮಿಷದ ಈ ಜಾಹೀರಾತು ಅಮೆರಿಕದ ಟಿ.ವಿ. ಪರದೆಯ ಮೇಲೆ ಬಂದದ್ದು 1987ರಲ್ಲಿ. ಆ ದೇಶದಲ್ಲಿ ಆಗ ಮಕ್ಕಳಾಗಿದ್ದವರಿಗೆ ಇಂದಿಗೂ ಅದು ಬಾಯಿಪಾಠ. ಜಾಹೀರಾತು ನೆನಪಿನಲ್ಲಿ ಉಳಿಯುವುದೇ ಯಶಸ್ಸಾದರೆ ಇದಕ್ಕಿಂತ ದೊಡ್ಡ ಯಶಸ್ಸು ಇನ್ನೊಂದಿಲ್ಲ. ಆದರೆ ಅದನ್ನು ಮಾಡಿದ್ದು ನೆನಪಿಗಾಗಿ ಅಲ್ಲವಲ್ಲ! ಮಕ್ಕಳು ಗಾಂಜಾ, ಕೊಕೇನ್, ಹೆರಾಯಿನ್‌ಗಳಿಂದ ದೂರ ಉಳಿಯಲಿ ಎಂಬುದು ಅದರ ಉದ್ದೇಶ. ಹಾಗೆ ಉಳಿದರೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಒಂದೊಂದು ತಲೆಮಾರಿಗೂ ಒಂದೊಂದು ಬಗೆಯ ಎಚ್ಚರಿಕೆಯ ಚಿತ್ರಗಳನ್ನು ಮಾಡಿ ತೋರಿಸಿದ ದೇಶ ಅದು. ಅಷ್ಟೇ ಅಲ್ಲ, ಅವುಗಳ ಪರಿಣಾಮವನ್ನು ಅಳೆದು, ಬಂದ ಫಲಿತಾಂಶ ತನಗೇ ಮುಜುಗರ ತಂದರೂ ಪ್ರಕಟಿಸಿದ ದೇಶ ಕೂಡ.

ಮೊದಲ ಗುಮ್ಮ

ಕತೆ 1930ರ ದಶಕದಿಂದ ಆರಂಭವಾಗುತ್ತದೆ. ಹ್ಯಾರಿ ಆನ್‌ಸ್ಲಿಂಗರ್ ಎಂಬ ಅಧಿಕಾರಿ 1930ರಲ್ಲಿ ಕೇಂದ್ರ ಮಾದಕ ವಸ್ತು ಇಲಾಖೆಯ ಮುಖ್ಯಸ್ಥನಾದ. ಮೂರು ದಶಕಗಳ ಕಾಲ ಆ ಕುರ್ಚಿ ಬಿಡಲಿಲ್ಲ. ಗಾಂಜಾ ಸೇದಿದ ಯುವಕರು ಹುಚ್ಚರಾಗುತ್ತಾರೆ, ಕೊಲೆಗಾರರಾಗುತ್ತಾರೆ ಎಂಬುದು ಆತನ ಪ್ರಚಾರದ ತಿರುಳು. 1937ರಲ್ಲಿ ಒಂದು ಜನಪ್ರಿಯ ಪತ್ರಿಕೆಯಲ್ಲಿ ಬಂದ ಆತನ ಲೇಖನ ಗಾಂಜಾವನ್ನು ‘ಯೌವನದ ಹಂತಕ’ ಎಂದೇ ಕರೆಯಿತು. ಅದೇ ವರ್ಷ ಗಾಂಜಾ ಮೇಲೆ ತೆರಿಗೆಯ ಹೆಸರಿನಲ್ಲಿ ನಿಷೇಧವನ್ನೇ ಹೇರುವ ಕಾನೂನು ಬಂತು.

‘ರೀಫರ್ ಮ್ಯಾಡ್‌ನೆಸ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಚಿತ್ರ ಈ ಕಾಲದ್ದು. 1936ರಲ್ಲಿ ತಯಾರಾದಾಗ ಅದಕ್ಕೆ ‘ನಿಮ್ಮ ಮಕ್ಕಳಿಗೆ ಹೇಳಿ’ ಎಂಬರ್ಥದ ಹೆಸರಿತ್ತು. ಗಾಂಜಾ ಸೇದಿದ ಹುಡುಗ ಹುಡುಗಿಯರು ವಿಕಾರವಾಗಿ ನಗುತ್ತಾರೆ. ಕಾರು ಗುದ್ದಿಸುತ್ತಾರೆ. ಕೊಲೆ, ಆತ್ಮಹತ್ಯೆ, ಹುಚ್ಚಾಸ್ಪತ್ರೆ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಆಗಿನ ಬಹುಪಾಲು ತಂದೆತಾಯಿಯರು ಗಾಂಜಾವನ್ನು ಕಣ್ಣಿಂದ ಕಂಡವರಲ್ಲ. ಕಾಣದ ಗುಮ್ಮನಿಗೆ ಯಾವ ರೂಪವನ್ನಾದರೂ ಕೊಡಬಹುದು. ಕೊಟ್ಟದ್ದನ್ನು ಜನ ನಂಬಿದರು.

ನಗೆಯಾಗಿ ಮರಳಿದ ಭಯ

ಮೂರು ದಶಕ ಕಳೆದವು. ವಿಯೆಟ್ನಾಂ ಯುದ್ಧದ ಕಾಲ ಬಂತು. ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯಂತೆ 1969ರಲ್ಲಿ ಒಮ್ಮೆಯಾದರೂ ಗಾಂಜಾ ಸೇದಿದ್ದ ಅಮೆರಿಕನ್ ವಯಸ್ಕರು ಕೇವಲ ಶೇ. 4. ನಾಲ್ಕೇ ವರ್ಷಗಳಲ್ಲಿ, 1973ರ ಹೊತ್ತಿಗೆ, ಅದು ಶೇ. 12ಕ್ಕೆ ಏರಿತು. 1977ರಲ್ಲಿ ಶೇ. 24. ಈ ಹೊಸಬರಲ್ಲಿ ಹೆಚ್ಚಿನವರು ಯುವಕರು, ಕಾಲೇಜು ವಿದ್ಯಾರ್ಥಿಗಳು.

ಅಂದರೆ, ಕಾಣದ ಗುಮ್ಮ ಈಗ ಪಕ್ಕದ ಕೋಣೆಯ ಗೆಳೆಯನ ಕೈಯಲ್ಲಿದ್ದ. ಅವನು ಗಾಂಜಾ ಸೇದುತ್ತಿದ್ದ, ಮರುದಿನ ಎದ್ದು ತರಗತಿಗೂ ಬರುತ್ತಿದ್ದ. ಯಾರನ್ನೂ ಕೊಂದಿರಲಿಲ್ಲ. ಹೀಗಿರುವಾಗ ಹಳೆಯ ಎಚ್ಚರಿಕೆಯ ಗತಿ ಏನಾಗಬೇಕು?

ಏನಾಯಿತು ಎಂಬುದಕ್ಕೆ 1972ರ ಒಂದು ಪ್ರಸಂಗ ಸಾಕ್ಷಿ. ಗಾಂಜಾ ಕಾನೂನುಗಳ ಸುಧಾರಣೆಗೆಂದು ಸಂಸ್ಥೆ ಕಟ್ಟಿದ್ದ ವಕೀಲ ಕೀತ್ ಸ್ಟ್ರೂಪ್‌ಗೆ ‘ರೀಫರ್ ಮ್ಯಾಡ್‌ನೆಸ್’ ಚಿತ್ರದ ಪ್ರತಿಯೊಂದು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇರುವುದು ತಿಳಿಯಿತು. ಸುಮಾರು 300 ಡಾಲರ್ ಕೊಟ್ಟು ಅದನ್ನು ಪಡೆದು, ಕಾಲೇಜುಗಳಲ್ಲಿ ಟಿಕೆಟು ಇಟ್ಟು ತೋರಿಸತೊಡಗಿದ. ವಿದ್ಯಾರ್ಥಿಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ತಾತಂದಿರನ್ನು ನಡುಗಿಸಲೆಂದು ಮಾಡಿದ ಚಿತ್ರ ಮೊಮ್ಮಕ್ಕಳ ಪಾಲಿಗೆ ಹಾಸ್ಯಚಿತ್ರವಾಯಿತು. ಗಾಂಜಾ ವಿರುದ್ಧ ತಯಾರಾದ ಚಿತ್ರದ ಟಿಕೆಟಿನ ಹಣ ಗಾಂಜಾ ಪರ ಹೋರಾಟಕ್ಕೆ ಸಂದಾಯವಾಯಿತು!

ಸರ್ಕಾರಕ್ಕೂ ಇದರ ಬಿಸಿ ತಟ್ಟದೆ ಇರಲಿಲ್ಲ. ಗಾಂಜಾ ಮತ್ತು ಮಾದಕ ವಸ್ತುಗಳ ಬಗ್ಗೆ ಅಧ್ಯಯನ ನಡೆಸಲು ನೇಮಕವಾಗಿದ್ದ ರಾಷ್ಟ್ರೀಯ ಆಯೋಗ 1973ರ ತನ್ನ ವರದಿಯಲ್ಲಿ ಶಾಲೆಗಳಲ್ಲಿ ಹೊಸ ಮಾದಕ ವಸ್ತು ಶಿಕ್ಷಣ ಕಾರ್ಯಕ್ರಮಗಳನ್ನು ಸದ್ಯಕ್ಕೆ ತಡೆಹಿಡಿಯುವುದೇ ಲೇಸೆಂದು ಸಲಹೆ ಮಾಡಿತು. ಇಲ್ಲಿ ಒಂದು ಮಾತು ಗಮನಿಸಬೇಕು. ಹಳೆಯ ಪ್ರಚಾರದ ತಪ್ಪು ಗಾಂಜಾ ಒಳ್ಳೆಯದಲ್ಲ ಎಂದದ್ದಲ್ಲ. ಇಲ್ಲದ್ದನ್ನು ಹೇಳಿದ್ದು. ಒಂದು ಸುಳ್ಳನ್ನು ಕಂಡುಹಿಡಿದ ಹುಡುಗ ಅದೇ ಬಾಯಿಂದ ಬಂದ ಹೆರಾಯಿನ್ ಕುರಿತ ನಿಜವನ್ನೂ ನಂಬಲಿಲ್ಲ.

‘ಬೇಡ ಎಂದುಬಿಡಿ’

ಮೂರನೆಯ ಅಂಕ 1980ರ ದಶಕದ್ದು. ಅಧ್ಯಕ್ಷ ರೇಗನ್ ಅವರ ಪತ್ನಿ ನ್ಯಾನ್ಸಿ ರೇಗನ್ 1982ರಲ್ಲಿ ಓಕ್‌ಲೆಂಡ್ ನಗರದ ಶಾಲೆಯೊಂದಕ್ಕೆ ಭೇಟಿ ಕೊಟ್ಟಿದ್ದರು. ಯಾರಾದರೂ ಮಾದಕ ವಸ್ತು ಕೊಟ್ಟರೆ ಏನು ಮಾಡಬೇಕೆಂದು ಹುಡುಗಿಯೊಬ್ಬಳು ಕೇಳಿದಾಗ ‘ಬೇಡ ಎಂದುಬಿಡು’ ಎಂದು ಅವರು ಉತ್ತರಿಸಿದರು. ಇಂಗ್ಲಿಷಿನ ಮೂರು ಪದಗಳ ಆ ಮಾತೇ ದಶಕದ ಘೋಷಣೆಯಾಯಿತು. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರೇ ಶಾಲೆಗಳಿಗೆ ಹೋಗಿ ಪಾಠ ಹೇಳುವ ‘ಡೇರ್’ ಕಾರ್ಯಕ್ರಮ ಆರಂಭವಾಗಿ ದೇಶದ ಉದ್ದಗಲಕ್ಕೂ ಹಬ್ಬಿತು. ದಶಕದ ಮಧ್ಯಭಾಗದಲ್ಲಿ ಜಾಹೀರಾತು ಉದ್ಯಮದವರು ಒಂದುಗೂಡಿ ‘ಪಾರ್ಟ್‌ನರ್‌ಷಿಪ್ ಫಾರ್ ಎ ಡ್ರಗ್ ಫ್ರೀ ಅಮೆರಿಕ’ ಎಂಬ ಸಂಸ್ಥೆ ಕಟ್ಟಿದರು. ಸಾಬೂನು, ಕಾರು ಮಾರುವ ಜಾಣತನವನ್ನು ಮಾದಕ ವಸ್ತುಗಳನ್ನು ‘ಮಾರದಿರಲು’ ಬಳಸುವುದು ಅವರ ಯೋಚನೆ. ಕಾವಲಿಯ ಮೊಟ್ಟೆ ಹುಟ್ಟಿದ್ದು ಅಲ್ಲಿ.

ಫಲಿತಾಂಶ ಮೇಲುನೋಟಕ್ಕೆ ಭರ್ಜರಿಯಾಗಿಯೇ ಇದೆ. ಮಿಷಿಗನ್ ವಿಶ್ವವಿದ್ಯಾಲಯ 1975ರಿಂದ ಪ್ರತಿವರ್ಷ ಪ್ರೌಢಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿಗಳ ಸಮೀಕ್ಷೆ ನಡೆಸುತ್ತ ಬಂದಿದೆ. ಅವರು ನಮ್ಮ ದ್ವಿತೀಯ ಪಿಯುಸಿ ಮಕ್ಕಳ ವಯಸ್ಸಿನವರು. ಸಮೀಕ್ಷೆಯ ಹಿಂದಿನ ಒಂದು ವರ್ಷದಲ್ಲಿ ಗಾಂಜಾ ಸೇದಿದ್ದವರು 1979ರಲ್ಲಿ ಸುಮಾರು ಶೇ. 51 ಇದ್ದರೆ, 1992ರಲ್ಲಿ ಶೇ. 22ಕ್ಕೆ ಇಳಿದಿದ್ದರು. ಅರ್ಧಕ್ಕಿಂತಲೂ ಕಡಿಮೆ!

ಆದರೆ ಅಂಕಿ ಅಂಶಗಳ ಇಸವಿಯನ್ನು ಇನ್ನೊಮ್ಮೆ ನೋಡಿ. ಇಳಿತ ಆರಂಭವಾದದ್ದು 1979ರಿಂದ. ಮೊಟ್ಟೆಯ ಜಾಹೀರಾತು ಬಂದದ್ದು 1987ರಲ್ಲಿ. ಮಳೆ ಸುರಿದು ಎಂಟು ವರ್ಷವಾದ ಮೇಲೆ ಕಪ್ಪೆ ಮದುವೆ ಮಾಡಿಸಿ, ಮದುವೆಯಿಂದಲೇ ಮಳೆ ಬಂತೆಂದು ಹೇಳಲಾದೀತೇ?

ಹಾಗಾದರೆ ಇಳಿತಕ್ಕೆ ಕಾರಣವೇನು? ಮಿಷಿಗನ್ ಸಂಶೋಧಕರು ಬೊಟ್ಟು ಮಾಡುವುದು ವಿದ್ಯಾರ್ಥಿಗಳ ಸ್ವಂತ ತಿಳಿವಳಿಕೆಯತ್ತ. ನಿತ್ಯ ಗಾಂಜಾ ಸೇದಿದರೆ ದೊಡ್ಡ ಅಪಾಯ ಎಂದು ನಂಬಿದವರು 1978ರಲ್ಲಿ ಶೇ. 35 ಇದ್ದರು, 1991ರಲ್ಲಿ ಶೇ. 79. ದಿನವಿಡೀ ಅಮಲಿನಲ್ಲಿದ್ದು ಓದು ಬಿಟ್ಟ ಸಹಪಾಠಿಗಳನ್ನು ಅವರು ಕಣ್ಣಾರೆ ಕಂಡಿದ್ದರು. ಕೊಕೇನ್ ವಿಷಯದಲ್ಲಂತೂ ಒಂದು ಸಾವು ಎಲ್ಲ ಜಾಹೀರಾತುಗಳಿಗಿಂತ ಮಿಗಿಲಾಯಿತು. ಬಾಸ್ಕೆಟ್‌ಬಾಲ್ ಆಟಗಾರ ಲೆನ್ ಬಯಾಸ್‌ಗೆ 22 ವರ್ಷ. ಪ್ರಸಿದ್ಧ ಬಾಸ್ಟನ್ ತಂಡಕ್ಕೆ ಆಯ್ಕೆಯಾದ ಎರಡೇ ದಿನಕ್ಕೆ, 1986ರ ಜೂನ್ 19ರಂದು, ಕೊಕೇನ್ ಸೇವಿಸಿ ತೀರಿಕೊಂಡ. ಒಂದೆರಡು ಸಲ ಕೊಕೇನ್ ಸೇವಿಸಿದರೂ ದೊಡ್ಡ ಅಪಾಯವಿದೆ ಎಂದವರ ಪ್ರಮಾಣ ಮರುವರ್ಷದೊಳಗೆ ಶೇ. 34ರಿಂದ ಶೇ. 48ಕ್ಕೆ ಜಿಗಿಯಿತು. ಇದರಲ್ಲಿ ಜಾಹೀರಾತುಗಳ ಪಾತ್ರ ಸ್ವಲ್ಪವೂ ಇಲ್ಲವೆನ್ನಲಾಗದು. ಆದರೆ ಅವು ಬಿತ್ತಿದ್ದು ಹದವಾಗಿದ್ದ ನೆಲದಲ್ಲಿ.

ಹಾಗೆಯೇ ಇನ್ನೊಂದು ಸಂಗತಿ. ಮಾದಕ ವಸ್ತುಗಳ ವಿರುದ್ಧ ಸಾರುತ್ತಿದ್ದ ಪಾರ್ಟ್‌ನರ್‌ಷಿಪ್ ಸಂಸ್ಥೆ ತನ್ನ ಮೊದಲ ವರ್ಷಗಳಲ್ಲಿ ಸಿಗರೇಟು ಹಾಗೂ ಮದ್ಯದ ಕಂಪೆನಿಗಳಿಂದಲೂ ದೇಣಿಗೆ ಪಡೆಯುತ್ತಿತ್ತು. ಟೀಕೆ ಬಂದ ಮೇಲೆ 1997ರಲ್ಲಿ ಅದನ್ನು ನಿಲ್ಲಿಸಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಮ್ಮಲ್ಲಿ ಗಾದೆಯೇ ಇದೆ. ಮಕ್ಕಳು ಇಂಥದನ್ನು ಬಹುಬೇಗ ಗುರುತಿಸುತ್ತಾರೆ.

ನೂರು ಕೋಟಿ ಡಾಲರಿನ ಪರೀಕ್ಷೆ

1992ರ ನಂತರ ಗಾಂಜಾ ಬಳಕೆ ಮತ್ತೆ ಏರತೊಡಗಿ 1997ರಲ್ಲಿ ಶೇ. 38 ದಾಟಿತು. ಗಾಬರಿಯಾದ ಸರ್ಕಾರ 1998ರಲ್ಲಿ ಬೃಹತ್ ಜಾಹೀರಾತು ಆಂದೋಲನ ಹಮ್ಮಿಕೊಂಡಿತು. 2004ರವರೆಗೆ ಅದಕ್ಕೆ ಮಂಜೂರಾದ ಹಣ ಸುಮಾರು 100 ಕೋಟಿ ಡಾಲರ್. ಮೊಟ್ಟೆ ಮತ್ತೆ ಬಂತು. ಆದರೆ ಈ ಸಲ ರೇಚಲ್ ಲೀ ಕುಕ್ ಎಂಬ ಯುವನಟಿ ಕಾವಲಿಯಿಂದ ಮೊಟ್ಟೆಯನ್ನು ಜಜ್ಜಿ, ಇಡೀ ಅಡಿಗೆಮನೆಯನ್ನೇ ಪುಡಿಪುಡಿ ಮಾಡಿದಳು. 2000ದ ಜನವರಿಯಲ್ಲಿ ಇನ್ನೊಂದು ಸುದ್ದಿ ಹೊರಬಿತ್ತು. ಧಾರಾವಾಹಿಗಳ ಕತೆಯೊಳಗೇ ಮಾದಕ ವಸ್ತು ವಿರೋಧಿ ಸಂದೇಶ ಸೇರಿಸಿದ ಟಿ.ವಿ. ವಾಹಿನಿಗಳಿಗೆ ಸರ್ಕಾರ ಜಾಹೀರಾತು ಸಮಯದಲ್ಲಿ ರಿಯಾಯಿತಿ ಕೊಡುತ್ತಿತ್ತು. 2002ರಲ್ಲಿ, ಮಾದಕ ವಸ್ತು ಕೊಂಡರೆ ಭಯೋತ್ಪಾದಕರಿಗೆ ಹಣ ಕೊಟ್ಟಂತೆ ಎನ್ನುವ ಜಾಹೀರಾತುಗಳೂ ಬಂದವು.

ಹಿಂದಿನ ಆಂದೋಲನಗಳಿಗಿಂತ ಇದು ಒಂದು ವಿಷಯದಲ್ಲಿ ಭಿನ್ನ. ಇದರ ಪರಿಣಾಮವನ್ನು ಅಳೆಯುವ ಕೆಲಸವನ್ನು ಆರಂಭದಲ್ಲೇ ಹೊರಗಿನ ಸಂಶೋಧಕರಿಗೆ ವಹಿಸಲಾಗಿತ್ತು. 9ರಿಂದ 18 ವರ್ಷದ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ 1999ರಿಂದ 2004ರವರೆಗೆ ನಾಲ್ಕು ಸುತ್ತು ಮಾತನಾಡಿಸಲಾಯಿತು. ಜಾಹೀರಾತುಗಳು ಮಕ್ಕಳನ್ನು ಮುಟ್ಟಿದ್ದವೇ? ಚೆನ್ನಾಗಿಯೇ ಮುಟ್ಟಿದ್ದವು. ತಿಂಗಳಿಗೆ ಒಂದಾದರೂ ಜಾಹೀರಾತು ನೋಡಿದ ನೆನಪಿದ್ದ ಮಕ್ಕಳು ಶೇ. 94. ಗಾಂಜಾ ಬಳಕೆ ಕಡಿಮೆಯಾಯಿತೇ? ಹಾಗೆ ಹೇಳಲು ಯಾವ ಆಧಾರವೂ ಸಿಗಲಿಲ್ಲ.

ಅಷ್ಟೇ ಆಗಿದ್ದರೆ ಹಣ ಹೋಯಿತು ಎಂದು ಸುಮ್ಮನಾಗಬಹುದಿತ್ತು. 2008ರಲ್ಲಿ ಪ್ರಕಟವಾದ ಈ ಅಧ್ಯಯನ ಇನ್ನೂ ಒಂದು ಸೂಚನೆ ಕೊಟ್ಟಿತು. ಜಾಹೀರಾತುಗಳನ್ನು ಹೆಚ್ಚು ನೋಡಿದ ಕೆಲವು ಮಕ್ಕಳಲ್ಲಿ ಮುಂದಿನ ಸುತ್ತಿನ ಹೊತ್ತಿಗೆ ಗಾಂಜಾ ಬೇಡವೆಂಬ ನಿಲುವು ಸಡಿಲಗೊಂಡಿತ್ತು. ಕಾರಣ ಏನಿರಬಹುದು? ಸಂಶೋಧಕರ ಊಹೆ ಸರಳವಾಗಿದೆ. ಹಗಲಿರುಳೂ ‘ಗಾಂಜಾ ಬೇಡ, ಗಾಂಜಾ ಬೇಡ’ ಎಂದು ಕೇಳಿದ ಹುಡುಗನಿಗೆ ‘ಹಾಗಾದರೆ ನನ್ನನ್ನು ಬಿಟ್ಟು ಉಳಿದವರೆಲ್ಲ ಸೇದುತ್ತಿದ್ದಾರೆ’ ಅನ್ನಿಸುತ್ತದೆ.

ಜಾಹೀರಾತುಗಳಿಂದ ಒಳ್ಳೆಯ ಪರಿಣಾಮ ಕಂಡದ್ದು ಒಂದು ಕಡೆ ಮಾತ್ರ: ತಂದೆತಾಯಿಯರಲ್ಲಿ! ಅವರು ಮಕ್ಕಳೊಂದಿಗೆ ಮಾದಕ ವಸ್ತುಗಳ ಬಗ್ಗೆ ಹೆಚ್ಚು ಮಾತನಾಡತೊಡಗಿದ್ದರು. ಈ ಜಾಹೀರಾತುಗಳು ಯಾರಿಗೆ ಇಷ್ಟವಾಗುತ್ತಿದ್ದವು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅವನ್ನು ಬರೆದವರು ದೊಡ್ಡವರು, ಹಣ ಕೊಟ್ಟವರು ದೊಡ್ಡವರು, ನೋಡಿ ನೆಮ್ಮದಿಪಟ್ಟವರೂ ದೊಡ್ಡವರೇ.

ಸಿಗರೇಟಿನ ಕತೆಯೇ ಬೇರೆ

ಜಾಹೀರಾತಿನಿಂದ ಏನೂ ಆಗುವುದೇ ಇಲ್ಲವೇ? ಹಾಗೆ ತೀರ್ಮಾನಿಸುವ ಮೊದಲು ಸಿಗರೇಟಿನ ಉದಾಹರಣೆ ನೋಡಬೇಕು. ಟಿ.ವಿ.ಯಲ್ಲಿ ಸಿಗರೇಟು ಜಾಹೀರಾತು ತೋರಿಸುವವರು ಅದರ ವಿರುದ್ಧದ ಮಾತಿಗೂ ಜಾಗ ಕೊಡಬೇಕೆಂದು ಜಾನ್ ಬಾಂಝಾಫ್ ಎಂಬ ಯುವ ವಕೀಲ ವಾದಿಸಿ, 1967ರಲ್ಲಿ ಗೆದ್ದ. ಸುಮಾರು ಮೂರು ಸಿಗರೇಟು ಜಾಹೀರಾತಿಗೆ ಒಂದು ವಿರೋಧಿ ಜಾಹೀರಾತು ಬರತೊಡಗಿತು. ಆ ಮೂರು ವರ್ಷ ತಲಾ ಸಿಗರೇಟು ಬಳಕೆ ಇಳಿಯಿತು. 1971ರ ಜನವರಿಯಲ್ಲಿ ಟಿ.ವಿ. ಮತ್ತು ರೇಡಿಯೋಗಳಲ್ಲಿ ಸಿಗರೇಟು ಜಾಹೀರಾತು ನಿಷೇಧವಾದಾಗ ವಿರೋಧಿ ಜಾಹೀರಾತುಗಳೂ ವಿರಳವಾದವು. ಬಳಕೆ ಮತ್ತೆ ತುಸು ಏರಿತು.

ಇನ್ನೂ ಸ್ಪಷ್ಟ ಉದಾಹರಣೆ ಫ್ಲಾರಿಡಾ ರಾಜ್ಯದ್ದು. ತಂಬಾಕು ಕಂಪೆನಿಗಳೊಡನೆ ಆದ ರಾಜಿಯಿಂದ ಬಂದ ಹಣದಲ್ಲಿ ಆ ರಾಜ್ಯ 1998ರಲ್ಲಿ ‘ಟ್ರೂತ್’ ಎಂಬ ಆಂದೋಲನ ಆರಂಭಿಸಿತು. ಹದಿಹರೆಯದವರನ್ನೇ ಕೂರಿಸಿಕೊಂಡು ಅದನ್ನು ರೂಪಿಸಿತು. ‘ಸೇದಬೇಡಿ, ಸಾಯುತ್ತೀರಿ’ ಎಂದು ಹೇಳುವ ಬದಲು, ಸಿಗರೇಟು ಕಂಪೆನಿಗಳು ನಿಮ್ಮನ್ನು ಹೇಗೆ ಬಲೆಗೆ ಹಾಕಿಕೊಳ್ಳುತ್ತಿವೆ ನೋಡಿ ಎಂದು ತೋರಿಸಿತು. ಎರಡು ವರ್ಷಗಳಲ್ಲಿ ಅಲ್ಲಿನ ಮಾಧ್ಯಮಿಕ ಶಾಲಾ ಮಕ್ಕಳಲ್ಲಿ ಸಿಗರೇಟು ಸೇದುವವರು ಶೇ. 18.5ರಿಂದ ಶೇ. 11.1ಕ್ಕೆ ಇಳಿದರು. 2000ದಲ್ಲಿ ಆಂದೋಲನ ದೇಶವ್ಯಾಪಿಯಾದಾಗ ಯುವಕರು ನ್ಯೂಯಾರ್ಕ್‌ನಲ್ಲಿ ದೊಡ್ಡ ಸಿಗರೇಟು ಕಂಪೆನಿಯೊಂದರ ಕಚೇರಿಯ ಮುಂದೆ ಹೆಣ ಸಾಗಿಸುವ 1,200 ಚೀಲಗಳನ್ನು ಪೇರಿಸಿ ಚಿತ್ರೀಕರಿಸಿದರು. ಸಿಗರೇಟಿನಿಂದ ದೇಶದಲ್ಲಿ ದಿನವೊಂದಕ್ಕೆ ಸಾಯುವವರ ಲೆಕ್ಕ ಅದು. ಇದೇ ಕಾಲದಲ್ಲಿ ಸಿಗರೇಟು ಕಂಪೆನಿಯೊಂದು ತಾನೇ ನಡೆಸಿದ ‘ಸೇದಬೇಡಿ’ ಆಂದೋಲನವನ್ನು ನೋಡಿದ ಮಕ್ಕಳಲ್ಲಿ ಸಿಗರೇಟಿನ ಬಗ್ಗೆ ಒಲವು ಹೆಚ್ಚಿದ್ದು ಅಧ್ಯಯನದಲ್ಲಿ ಕಂಡುಬಂತು.

ಎರಡರ ನಡುವಿನ ವ್ಯತ್ಯಾಸವೇನು? ಹದಿಹರೆಯದ ಹುಡುಗನಿಗೆ ದೊಡ್ಡವರ ಮಾತು ಮೀರುವುದೇ ಒಂದು ಸಾಹಸ. ಗಾಂಜಾ ವಿರೋಧಿ ಜಾಹೀರಾತು ಅವನಿಗೆ ವಿಧೇಯನಾಗು ಎಂದಿತು. ‘ಟ್ರೂತ್’ ಅವನಿಗೆ ಬಂಡಾಯ ಹೂಡಲು ಬೇರೊಂದು ಎದುರಾಳಿಯನ್ನು ತೋರಿಸಿತು. ಅದು ಹೇಳಿದ್ದು ನಿಜವೂ ಆಗಿತ್ತು. ಸರ್ಕಾರ ಕೂಡ ಸ್ವಲ್ಪ ಪಾಠ ಕಲಿತಂತಿದೆ. ಭಯ ಬಿಟ್ಟು, ‘ಯಾರ ಪ್ರಭಾವಕ್ಕೂ ಒಳಗಾಗದೆ ನೀನು ನೀನಾಗಿರು’ ಎಂಬ ಧಾಟಿಯಲ್ಲಿ 2005ರಿಂದ ನಡೆಸಿದ ಆಂದೋಲನದಿಂದ ಎಂಟನೆಯ ತರಗತಿಯ ಹುಡುಗಿಯರಲ್ಲಿ ಗಾಂಜಾ ಬಳಕೆ ಕಡಿಮೆಯಾದ ಸೂಚನೆ ಸಿಕ್ಕಿತು. ಹುಡುಗರಲ್ಲಿ ಸಿಗಲಿಲ್ಲ.

ನಿಜವಾಗಿಯೂ ತೋಳ ಬಂದಾಗ

‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕತೆ ಎಲ್ಲರಿಗೂ ಗೊತ್ತು. ಆ ಕತೆಯಲ್ಲಿ ಕೊನೆಗೊಮ್ಮೆ ತೋಳ ನಿಜವಾಗಿಯೂ ಬರುತ್ತದೆ. ಅಮೆರಿಕಕ್ಕೂ ಬಂತು. ಅದರ ಹೆಸರು ಫೆಂಟನಿಲ್. ಹೆರಾಯಿನ್‌ಗಿಂತ ಐವತ್ತು ಪಟ್ಟು ತೀಕ್ಷ್ಣವಾಗಿರಬಲ್ಲ ಈ ರಾಸಾಯನಿಕವನ್ನು ನೋವಿನ ಮಾತ್ರೆಯ ವೇಷದಲ್ಲಿ ಕಳ್ಳದಾರಿಯಲ್ಲಿ ಮಾರಲಾಗುತ್ತದೆ. 14ರಿಂದ 18ರ ವಯಸ್ಸಿನವರಲ್ಲಿ ಮಾದಕ ವಸ್ತುವಿನ ಅತಿಸೇವನೆಯಿಂದ 2019ರಲ್ಲಿ 492 ಮಂದಿ ಸತ್ತರೆ, 2020ರಲ್ಲಿ 954 ಮಂದಿ ಸತ್ತರು. ಬಳಸುವವರ ಸಂಖ್ಯೆ ಹೆಚ್ಚಿರಲಿಲ್ಲ. ಬಳಸುವ ವಸ್ತು ವಿಷವಾಗಿತ್ತು. ಎಲ್ಲ ವಯಸ್ಸಿನವರನ್ನೂ ಲೆಕ್ಕ ಹಾಕಿದರೆ 2021, 2022, 2023, ಈ ಮೂರೂ ವರ್ಷ ಅತಿಸೇವನೆಯ ಸಾವು ಒಂದು ಲಕ್ಷ ಮೀರಿದೆ.

‘ಒಂದೇ ಮಾತ್ರೆ ಕೊಲ್ಲಬಹುದು’ ಎಂಬುದು ಕೇಂದ್ರ ಮಾದಕ ವಸ್ತು ನಿಯಂತ್ರಣ ಸಂಸ್ಥೆ 2021ರಲ್ಲಿ ಆರಂಭಿಸಿದ ಆಂದೋಲನದ ಹೆಸರು. ಇದು ಉತ್ಪ್ರೇಕ್ಷೆಯಲ್ಲ, ಅಕ್ಷರಶಃ ನಿಜ. ಆದರೆ 1936ರಿಂದ ಇಂಥ ಮಾತುಗಳನ್ನೇ ಕೇಳಿ, ಕೇಳಿ ನಕ್ಕ ಮನೆಗಳಲ್ಲಿ ಬೆಳೆದ ಮಕ್ಕಳು ಇದನ್ನು ಹೇಗೆ ನಂಬಬೇಕು? ಸುಳ್ಳು ಎಚ್ಚರಿಕೆಯ ಸಾಲವನ್ನು ತೀರಿಸುವ ಸರದಿ ಬಂದದ್ದು ಅದನ್ನು ಮಾಡದ ತಲೆಮಾರಿಗೆ. ಅದಕ್ಕೇ ಇರಬೇಕು, ಈಚಿನ ಆಂದೋಲನಗಳು ಬರೀ ಹೆದರಿಸುವುದನ್ನು ಬಿಟ್ಟು ಕೆಲಸಕ್ಕೆ ಬರುವ ಮಾತನ್ನೂ ಹೇಳುತ್ತಿವೆ. ಫೆಂಟನಿಲ್ ಎಂದರೇನು, ಗೆಳೆಯ ಉಸಿರು ಕಟ್ಟಿ ಬಿದ್ದರೆ ಏನು ಮಾಡಬೇಕು, ಅವನನ್ನು ಬದುಕಿಸಬಲ್ಲ ನ್ಯಾಲಕ್ಸೋನ್ ಔಷಧವನ್ನು ಹೇಗೆ ಬಳಸಬೇಕು ಎಂಬುದನ್ನು ತಿಳಿಸುತ್ತಿವೆ.

ನಮ್ಮಲ್ಲಿಯೂ ಈ ಪ್ರಶ್ನೆ ಇಲ್ಲದಿಲ್ಲ. ವಿಶ್ವಸಂಸ್ಥೆ ಮಾದಕ ವಸ್ತು ವಿರೋಧಿ ದಿನವನ್ನು ಘೋಷಿಸಿದ್ದು ಮೊಟ್ಟೆಯ ಜಾಹೀರಾತು ಬಂದ 1987ರಲ್ಲೇ. ಪ್ರತಿ ಜೂನ್ 26ರಂದು ನಮ್ಮ ಊರುಗಳಲ್ಲಿ ಶಾಲಾ ಮಕ್ಕಳು ಫಲಕ ಹಿಡಿದು ಜಾಥಾ ಹೋಗುತ್ತಾರೆ. ತಂಬಾಕು ಸೇವನೆಯ ದೃಶ್ಯವಿರುವ ಸಿನಿಮಾಗಳಲ್ಲಿ ಎಚ್ಚರಿಕೆಯ ಕಿರುಚಿತ್ರ ಕಡ್ಡಾಯವಾದದ್ದು 2012ರ ಅಕ್ಟೋಬರ್ 2ರಿಂದ. ಆ ಕಿರುಚಿತ್ರಗಳ ಸಂಭಾಷಣೆಯನ್ನು ಚಿತ್ರಮಂದಿರದ ಹಿಂದಿನ ಸಾಲಿನ ಹುಡುಗರು ಪಾತ್ರಧಾರಿಗಿಂತ ಮೊದಲೇ ಒಪ್ಪಿಸಿ ನಗುವುದನ್ನು ಕೇಳದವರು ಕಡಿಮೆ. ಎಚ್ಚರಿಕೆ ಅವರ ಬಾಯಲ್ಲಿದೆ, ಕಿವಿಯಲ್ಲಿ ಇಳಿದಿದೆಯೇ ಎಂಬುದು ಬೇರೆ ಮಾತು.

ಕೊನೆಗೆ ಮತ್ತೆ ಕಾವಲಿಯ ಮೊಟ್ಟೆ. ಅದನ್ನು ಮಾಡಿದ ಸಂಸ್ಥೆಯೇ 2016ರಲ್ಲಿ ಅದನ್ನು ಮೂರನೆಯ ಸಲ ತೆರೆಗೆ ತಂದಿತು. 1987ರ ಜಾಹೀರಾತಿನಲ್ಲಿ ‘ಏನಾದರೂ ಪ್ರಶ್ನೆಗಳಿವೆಯೇ?’ ಎಂಬುದು ಮಾತು ಮುಗಿಸುವ ಸಾಲಾಗಿತ್ತು. ಪ್ರಶ್ನೆ ಕೇಳಬಾರದು ಎಂಬುದೇ ಅದರ ಅರ್ಥ. ಹೊಸ ಜಾಹೀರಾತಿನಲ್ಲಿ ಆ ಮಾತು ಬಂದೊಡನೆ ಮಕ್ಕಳು ನಿಜವಾಗಿಯೂ ಪ್ರಶ್ನೆ ಕೇಳತೊಡಗುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಕೇಳುತ್ತಲೇ ಹೋಗುತ್ತಾರೆ. ಉತ್ತರ ಹೇಳಲು ತಂದೆತಾಯಿಯರು ಸಿದ್ಧರಾಗಿರಬೇಕು ಎಂಬುದು ಅದರ ಸಂದೇಶ.

ಇಷ್ಟನ್ನು ಕಲಿಯಲು ಆ ಸಂಸ್ಥೆಗೆ ಸುಮಾರು ಮೂವತ್ತು ವರ್ಷ ಬೇಕಾಯಿತು. ಆದರೆ ಮಕ್ಕಳ ಕೈಯಲ್ಲಿ ಆ ಪ್ರಶ್ನೆಗಳು ಮೊದಲಿನಿಂದಲೂ ಇದ್ದವು.